ಸೊನ್ನೆ ಪಟ್ಟಿಯ ಐದನೇ ಜಾಗ

ಮೇ ೧೪

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಬೇಕು. ಒತ್ತು ಹಾಕಬೇಕಾದ ಕಡೆ ಬಿಟ್ಟು, ಬೇಡದ ಕಡೆ ಹಾಕಿರುತ್ತೇನೆ. ಐದನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಈ ಪುಸ್ತಕವನ್ನು ಬೇರೆ ಯಾರೂ ಓದುವುದಿಲ್ಲ, ಹಾಗಾಗಿ ಯಾರ ಕ್ಷಮೆ ಕೇಳುತ್ತಿದ್ದೇನೋ ನನಗೇ ಗೊತ್ತಿಲ್ಲ. ಆದರೂ ಕೇಳದೆ ಶುರು ಮಾಡಲು ಮುಜುಗರ.

ಪುಸ್ತಕ ಕೊಟ್ಟವರು ಮೇಡಂ. ನಮ್ಮ ಪ್ರಯೋಗದ ಹೊಲದಲ್ಲಿ ಮಣ್ಣಿನ ವಿಷಯ ನೋಡುವವರು. "ಬಾಟಲಿ ಮೇಲೆ ನೀನು ಬರೆಯೋದು ನಿನಗೂ ನನಗೂ ಬಿಟ್ಟರೆ ಯಾರಿಗೂ ಅರ್ಥ ಆಗಲ್ಲ ಕಣೇ. ದಿನಾ ಒಂದು ಪುಟ ಬರಿ. ಏನು ಬರೆದೆ ಅಂತ ನಾನು ಕೇಳಲ್ಲ" ಅಂದರು. ನಾನು ತಲೆಯಾಡಿಸಿದೆ. ಅವರ ಮುಂದೆ ನನಗೆ ತಲೆ ಮಾತ್ರ ಆಡುತ್ತದೆ, ನಾಲಗೆ ಆಡುವುದಿಲ್ಲ.

ಮೇ ೧೬

ಏನು ಬರೆಯುವುದೆಂದು ತಿಳಿಯದೆ ನಿನ್ನೆ ಬರೆಯಲಿಲ್ಲ. ಇವತ್ತು ಕೆಲಸದ ಬಗ್ಗೆ ಬರೆಯುತ್ತೇನೆ.

ನನ್ನದು ಮಾದರಿ ಕೋಣೆ. ಉದ್ದದ ಮೇಜು, ಗೋಡೆಯುದ್ದಕ್ಕೂ ಬಾಟಲಿಗಳ ಕಪಾಟು, ಒಂದೇ ಕಿಟಕಿ. ಹೊಲದಿಂದ ಬಂದ ಮಣ್ಣನ್ನು ಟ್ರೇಗಳಲ್ಲಿ ಹರಡಿ ನೆರಳಲ್ಲಿ ಒಣಗಿಸುತ್ತೇನೆ. ಹೆಂಟೆಗಳನ್ನು ಮರದ ಕೊಡತಿಯಿಂದ ಒಡೆದು, ಜರಡಿ ಹಿಡಿದು, ಬಾಟಲಿಗೆ ತುಂಬಿ, ಚೀಟಿ ಅಂಟಿಸುತ್ತೇನೆ. ನಾಲ್ಕು ವರ್ಷವಾಯಿತು.

ಹೊಲದಲ್ಲಿ ಮೂರು ಪಟ್ಟಿಗಳಿವೆ. ಪಕ್ಕ ಪಕ್ಕದಲ್ಲೇ, ಮೂವತ್ತೊಂದು ವರ್ಷದಿಂದ. ಮೊದಲನೆಯದು ಯೂರಿಯಾ ಪಟ್ಟಿ. ಅಲ್ಲಿ ವರ್ಷವೂ ಮೆಕ್ಕೆಜೋಳವೇ, ವರ್ಷವೂ ಪೂರ್ತಿ ಯೂರಿಯಾ. ಕೊನೆಯದು ಸರದಿ ಪಟ್ಟಿ. ಒಂದು ವರ್ಷ ಮೆಕ್ಕೆಜೋಳ, ಮರುವರ್ಷ ಬಟಾಣಿ, ಯೂರಿಯಾ ಅರ್ಧ. ನಡುವಿನದು ಸೊನ್ನೆ ಪಟ್ಟಿ. ಅದಕ್ಕೂ ವರ್ಷವೂ ಮೆಕ್ಕೆಜೋಳವೇ, ಆದರೆ ಗೊಬ್ಬರ ಒಂದು ಚಿಟಿಕೆಯೂ ಇಲ್ಲ. ಕೊಟ್ಟಿದ್ದು, ಕೊಡದಿದ್ದು ಮಣ್ಣಿಗೆ ನಿಧಾನವಾಗಿ ಏನು ಮಾಡುತ್ತದೆ ಎಂದು ನೋಡುವುದು ಮೇಡಂ ಕೆಲಸ.

ನಾನು ಕೊಡತಿಯ ಏಟು ಎಣಿಸುತ್ತೇನೆ. ಯಾರೂ ಎಣಿಸು ಎಂದಿಲ್ಲ. ಸುಮ್ಮನೆ ಅಭ್ಯಾಸ. ಮುಷ್ಟಿಯಷ್ಟು ದೊಡ್ಡ ಹೆಂಟೆ ಪುಡಿಯಾಗಲು ಯೂರಿಯಾ ಪಟ್ಟಿಯದಕ್ಕೆ ಏಳು ಏಟು, ಇಟ್ಟಿಗೆಯ ಹಾಗೆ. ಸೊನ್ನೆಯದಕ್ಕೆ ಮೂರು. ಸರದಿಯದಕ್ಕೆ ಎರಡು, ಕೆಲವೊಮ್ಮೆ ಕೊಡತಿ ಎತ್ತುವಷ್ಟರಲ್ಲಿ ತಾನೇ ಉದುರುತ್ತದೆ.

ಮೇ ೨೩

ಪ್ರತಿ ಪಟ್ಟಿಯಲ್ಲೂ ಐದು ಜಾಗದಲ್ಲಿ ಮಣ್ಣು ತೆಗೆದು, ಐದನ್ನೂ ಬೆರೆಸಿ ಒಂದು ಬಾಟಲಿ ಮಾಡುವುದು ಮೊದಲಿನಿಂದ ಬಂದ ಪದ್ಧತಿ. ನನಗೆ ಕಲಿಸಿದ ಮೊದಲ ಪಾಠವೂ ಅದೇ, ಚೆನ್ನಾಗಿ ಬೆರೆಸು ಎಂದು. ಈ ಸಲ ಮಾತ್ರ ಮೇಡಂ ಐದನ್ನೂ ಬೇರೆ ಬೇರೆ ಇಡಲು ಹೇಳಿದರು. ಜುಲೈನಲ್ಲಿ ಮೂವರ ಸಮಿತಿ ಬರುತ್ತದಂತೆ. ಈ ಪ್ರಯೋಗ ಮುಂದುವರಿಯಬೇಕೋ ನಿಲ್ಲಬೇಕೋ ಎಂದು ಅವರು ನಿರ್ಧರಿಸುತ್ತಾರೆ. "ಸೊನ್ನೆ ಪಟ್ಟಿ ಇಷ್ಟು ಹೊತ್ತಿಗೆ ಇನ್ನೂ ಬಡವಾಗಬೇಕಿತ್ತು. ಆಗ್ತಾ ಇಲ್ಲ. ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಬೇಕಲ್ಲ" ಅಂದರು.

ಹದಿನೈದು ಟ್ರೇ. ಕೈ ನೋವು. ಸೊನ್ನೆ ಪಟ್ಟಿಯ ಐದನೇ ಟ್ರೇಗೆ ಐದು ಏಟು ಬೇಕಾಯಿತು. ಕೈ ಸೋತಿರಬೇಕು.

ಜೂನ್ ೩

ಬಿತ್ತನೆ. ಯೂರಿಯಾ ಎರಚಿದವರು ನನ್ನನ್ನು ಸಾಕಿದ ಚಿಕ್ಕಪ್ಪ. ಈ ಹೊಲ ಶುರುವಾದಾಗಿನಿಂದ ಅವರದೇ ಕೈ. ಅವರು ಮುಷ್ಟಿ ತೆಗೆದರೆ ತೂಕದ ಕಲ್ಲು ಇಟ್ಟ ಹಾಗೆ ಎಂದು ಹೊಲದ ಸಾಹೇಬರು ಹೇಳುತ್ತಾರೆ. ಸಾಹೇಬರಿಗೆ ನಾವಿಟ್ಟ ಹೆಸರು ಸೀಟಿ, ಏಕೆಂದರೆ ಯಾರನ್ನು ಕರೆಯುವುದಿದ್ದರೂ ಸೀಟಿ ಊದುತ್ತಾರೆ. "ಮನೆಯಲ್ಲಿ ಹೆಂಡತೀನೂ ಹೀಗೇ ಕರೀತಾರಾ ಸ್ವಾಮಿ?" ಎಂದು ಚಿಕ್ಕಪ್ಪ ಒಮ್ಮೆ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ನಾನು ಚಹಾ ತೆಗೆದುಕೊಂಡು ಹೋದಾಗ ಚಿಕ್ಕಪ್ಪ ಸೊನ್ನೆ ಪಟ್ಟಿಯ ತುದಿಯ ನಲ್ಲಿಯಲ್ಲಿ ಕೈ ತೊಳೆದು, ಯೂರಿಯಾದ ಬಕೀಟು ಎರಡು ಸಲ ಅಲುಬಿ ಚೆಲ್ಲುತ್ತಿದ್ದರು. ಜುಲೈ ಕೊನೆಗೆ ಅವರು ನಿವೃತ್ತಿ. "ಇನ್ನೊಂದು ಸಲ ಎರಚಿದರೆ ಮುಗೀತು ಪುಟ್ಟಿ" ಅಂದರು. ಚಹಾ ಆರಿತ್ತು, ಆದರೂ ಕುಡಿದರು.

ಜೂನ್ ೧೦

ಪರೀಕ್ಷೆಯ ಫಲ ಬಂತು. ಸೊನ್ನೆ ಪಟ್ಟಿಯ ನಾಲ್ಕು ಜಾಗ ಒಂದು ತರಹ, ಐದನೆಯದು ಬೇರೆ ತರಹ. ಅದರಲ್ಲಿ ಸಾರಜನಕ ಜಾಸ್ತಿ, ಮಣ್ಣೂ ಹುಳಿ. ಯೂರಿಯಾ ತಿಂದು ತಿಂದು ಮಣ್ಣು ಹುಳಿಯಾಗುತ್ತದೆ ಎಂದು ಮೇಡಂ ಹಿಂದೆ ಹೇಳಿಕೊಟ್ಟಿದ್ದರು. ಮೊದಲ ವರ್ಷಗಳಲ್ಲಿ ಯೂರಿಯಾ ಪಟ್ಟಿಯ ಜೋಳ ನೋಡಲು ಜನ ಬರುತ್ತಿದ್ದರಂತೆ, ಈಗ ಅಷ್ಟೇ ಗೊಬ್ಬರಕ್ಕೆ ಅಷ್ಟು ಬೆಳೆ ಇಲ್ಲ.

ಸೀಟಿ ಸಾಹೇಬರು ಕಾಗದ ಒಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿದರು. "ಇದರಲ್ಲಿ ಆಶ್ಚರ್ಯ ಏನಿದೆ ಮೇಡಂ? ಈ ಹುಡುಗಿ ಟ್ರೇ ಅದಲುಬದಲು ಮಾಡಿದ್ದಾಳೆ. ಯೂರಿಯಾದ್ದು ಸೊನ್ನೆಗೆ ಬಂದಿದೆ."

"ಮಾಡಿದೀಯಾ?" ಎಂದು ಮೇಡಂ ಕೇಳಿದರು. ಕೋಪದಿಂದಲ್ಲ.

ಇಲ್ಲ ಎನ್ನಬೇಕಿತ್ತು. ಹದಿನೈದು ಟ್ರೇ, ಕೈ ಸೋತಿತ್ತು. ಮಾಡಿರಬಹುದೇ? ನೆಲ ನೋಡುತ್ತ ನಿಂತೆ. ಮತ್ತೆ ಮಣ್ಣು ತೆಗೆದು ನೋಡೋಣವೆಂದರೆ ಆಗುವುದಿಲ್ಲ. ಬಿತ್ತಿದ ಮೇಲೆ ಕೊಯ್ಲಿನವರೆಗೆ ಪಟ್ಟಿಯೊಳಗೆ ಗುದ್ದಲಿ ಇಡುವಂತಿಲ್ಲ ಎಂಬುದು ಇಲ್ಲಿನ ಹಳೆಯ ನಿಯಮ.

ಜೂನ್ ೧೧

ಮಾಡಿದ್ದೇನೆಯೋ ಇಲ್ಲವೋ ನೆನಪಾಗುತ್ತಿಲ್ಲ. ಊಟ ಸೇರಲಿಲ್ಲ.

ಜೂನ್ ೧೨

ಈ ಪುಸ್ತಕವನ್ನು ಹಿಂದಕ್ಕೆ ತಿರುಗಿಸಿ ಓದಿದೆ. ನನ್ನ ಅಕ್ಷರ ನನಗೇ ಓದಲು ಕಷ್ಟವಾಯಿತು.

ಐದನೇ ಟ್ರೇಗೆ ಐದು ಏಟು ಎಂದು ಬರೆದಿದ್ದೇನೆ. ಯೂರಿಯಾದ ಟ್ರೇ ಬಂದಿದ್ದರೆ ಏಳು ಏಟು ಬೇಕಿತ್ತು. ಕೈ ಸೋತಿದ್ದರೆ ಇನ್ನೂ ಹೆಚ್ಚು. ಹಾಗಾದರೆ ಅದು ಯೂರಿಯಾ ಪಟ್ಟಿಯದಲ್ಲ. ಸೊನ್ನೆಯ ಮೂರೂ ಅಲ್ಲ. ಎರಡರ ನಡುವಿನದು.

ಆಮೇಲೆ ಜೂನ್ ೩ ಓದಿದೆ. ಐದನೇ ಜಾಗ ಎಂದರೆ ನಲ್ಲಿಯ ಬುಡ.

ಆ ಮೂಲೆಯಲ್ಲಿ ಜೋಳ ಹಸಿರಾಗಿರುವುದನ್ನು ನಾವೆಲ್ಲ ವರ್ಷ ವರ್ಷ ನೋಡಿದ್ದೇವೆ. ನಲ್ಲಿ ಸೋರುತ್ತದೆ, ನೀರು ಕುಡಿದು ಹಸಿರಾಗಿದೆ ಎನ್ನುತ್ತಿದ್ದೆವು. ಮೇಡಂ ಕೂಡ ಹಾಗೆಯೇ ಹೇಳುತ್ತಿದ್ದರು.

ಜೂನ್ ೧೪

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ. ಎರಡು ದಿನ ಬಾಯಲ್ಲೇ ಇಟ್ಟುಕೊಂಡಿದ್ದ ಮಾತು.

"ಚಿಕ್ಕಪ್ಪ, ಬಕೀಟನ್ನ ಯಾಕೆ ಆ ನಲ್ಲೀಲೇ ತೊಳೀತೀರಿ?"

"ನಲ್ಲಿ ಇರೋದು ಅಲ್ಲೇ ಅಲ್ವಾ."

"ಆ ನೀರು ಸೊನ್ನೆ ಪಟ್ಟಿಗೆ ಹೋಗುತ್ತೆ."

"ಊಟದ ಹೊತ್ತಲ್ಲಿ ಬಕೀಟಿನ ಮಾತೇನೇ ನಿಂದು? ದಿನವಿಡೀ ಬಾಯಿ ಬಿಡಲ್ಲ, ಬಿಟ್ಟರೆ ಇಂಥದ್ದು" ಎಂದು ಚಿಕ್ಕಮ್ಮ ರೇಗಿದರು.

ಚಿಕ್ಕಪ್ಪ ತುತ್ತು ನುಂಗಿ ನೀರು ಕುಡಿದರು. "ಅದರ ಮುಖ ನೋಡಿದೀಯಾ ಪುಟ್ಟಿ? ಮೊಣಕಾಲಿನ ಎತ್ತರಕ್ಕೇ ಹಳದಿ ತಿರುಗಿ ನಿಂತುಬಿಡುತ್ತೆ. ಈ ಕಡೆಯವನಿಗೆ ತಟ್ಟೆ ತುಂಬ ಬಡಿಸ್ತೀನಿ. ಆ ಕಡೆಯವನಿಗೆ ಅರ್ಧ ಬಡಿಸ್ತೀನಿ. ನಡುವೆ ಕೂತೋನ ಮುಂದೆ ಬಕೀಟು ಹಿಡ್ಕೊಂಡೇ ದಾಟಿ ಹೋಗ್ತೀನಿ. ಎಷ್ಟು ವರ್ಷ ಅಂತ ದಾಟಲಿ? ತೊಳೆದ ನೀರು ತಾನೇ. ಎಲ್ಲಾದ್ರೂ ಚೆಲ್ಲಲೇಬೇಕಲ್ಲ."

ನಾನು ಈ ಮನೆಗೆ ಬಂದಾಗ ನನಗೆ ಆರು ವರ್ಷ. ಅಪ್ಪ ಅಮ್ಮ ಇಬ್ಬರೂ ಹೋಗಿದ್ದರು. ಅವತ್ತು ಅಡುಗೆ ಮುಗಿದು ಪಾತ್ರೆ ತೊಳೆದಾಗಿತ್ತು. ಚಿಕ್ಕಪ್ಪ ತಾವು ಉಣ್ಣುತ್ತಿದ್ದ ತಟ್ಟೆಯನ್ನೇ ನನ್ನ ಮುಂದೆ ಸರಿಸಿದರು.

ಅಂಥವರಿಗೆ ತಪ್ಪು ಮಾಡಿದಿರಿ ಎಂದು ಹೇಳುವುದು ಹೇಗೆ? ಹೇಳಲಿಲ್ಲ. ಮೇಡಂಗೂ ಹೇಳಲಿಲ್ಲ. ಚಿಕ್ಕಪ್ಪನಿಗೆ ಇನ್ನು ಉಳಿದಿರುವುದು ಆರೇಳು ವಾರ.

ಜೂನ್ ೨೧

ಸೀಟಿ ಊದಿ ಕರೆದರು. ಕಚೇರಿಯಲ್ಲಿ ಒಂದು ಕಾಗದ ಸಿದ್ಧವಾಗಿತ್ತು. ಟ್ರೇ ಅದಲುಬದಲಾದದ್ದು ನನ್ನ ಅಜಾಗರೂಕತೆಯಿಂದ ಎಂದು ಅದರಲ್ಲಿತ್ತು. ಇವತ್ತಿನಿಂದ ನಾನು ಮಾದರಿ ಕೋಣೆಗೆ ಹೋಗಬಾರದು, ಕಾಲುವೆಯ ಆಚೆ ಕಳೆ ಕೀಳುವವರ ಜೊತೆ ಸೇರಬೇಕು.

ಮೇಡಂ ಕಿಟಕಿಯ ಹತ್ತಿರ ನಿಂತಿದ್ದರು. "ನೀನು ಏನಾದ್ರೂ ಹೇಳೋದಿದ್ದರೆ ಈಗಲೇ ಹೇಳು" ಅಂದರು. ಕಾದರು. ಗೋಡೆಯ ಫ್ಯಾನು ಒಂದು ಸುತ್ತಿಗೆ ಒಮ್ಮೆ ಕಿರ್ ಎನ್ನುತ್ತಿತ್ತು. ಹನ್ನೊಂದು ಸಲ ಕಿರ್ ಎಂದ ಮೇಲೆ ಅವರು ಆ ಕಡೆ ತಿರುಗಿದರು.

ನಾನು ರುಜು ಹಾಕಿದೆ. ದಿನಾ ಬರೆದದ್ದಕ್ಕೋ ಏನೋ, ರುಜು ಚೆನ್ನಾಗಿ ಬಂತು.

ಜೂನ್ ೨೪

ಕಳೆ ಕೀಳುವ ಹೆಂಗಸರು ನನಗೆ "ಬಾಟಲಿ ರಾಣಿ" ಎಂದು ಹೆಸರಿಟ್ಟಿದ್ದಾರೆ. "ಏನಮ್ಮಾ ಬಾಟಲಿ ರಾಣಿ, ಸಿಂಹಾಸನ ಬಿಟ್ಟು ನಮ್ಮ ಹತ್ತಿರ ಬಂದೆಯಲ್ಲ?" ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ನೀರು ಕೊಡುವಾಗ ಮೊದಲು ನನಗೇ ಕೊಡುತ್ತಾರೆ.

ಮನೆಯಲ್ಲಿ ಹೇಳಿಲ್ಲ. ಹೊರಡುವ ಮೊದಲು ಕಾಲುವೆಯಲ್ಲಿ ಕೈ ಕಾಲು ತೊಳೆಯುತ್ತೇನೆ. ಇಲ್ಲಿಯ ಮಣ್ಣನ್ನೂ ಹೆಂಟೆ ಹಿಡಿದು ನೋಡಿದೆ. ನಾಲ್ಕು ಏಟಿನದು ಇರಬೇಕು.

ಜುಲೈ ೨

"ಮಾದರಿ ಕೋಣೆಯಲ್ಲಿ ಕೂತು ಕೆಲಸ ಮಾಡೋಳಿಗೆ ಮೊಣಕಾಲಿಗೆ ಹುಲ್ಲಿನ ಕಲೆ ಎಲ್ಲಿಂದ ಬರುತ್ತೆ?" ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಚಿಕ್ಕಮ್ಮ ನನ್ನ ಲಂಗ ಎತ್ತಿ ಹಿಡಿದಿದ್ದರು. ಸುಳ್ಳು ಹೇಳಲು ನೋಡಿದೆ, ಬರಲಿಲ್ಲ. ಕಳೆ ಕೀಳುವುದಕ್ಕೆ ಹಾಕಿದ್ದಾರೆ, ಐದನೇ ಟ್ರೇ ನಾನು ಬದಲಿಸಿದೆ ಎಂದು ಬರೆದುಕೊಂಡಿದ್ದಾರೆ ಎಂದೆ.

"ನೀನು ಬದಲಿಸಿದ್ಯಾ?"

"ಇಲ್ಲ."

"ಮತ್ತೆ ಬಾಯಿ ಇರಲಿಲ್ವಾ ನಿನಗೆ?"

ಚಿಕ್ಕಪ್ಪ ಬಾಗಿಲಲ್ಲಿ ಇದ್ದರು. ನಲ್ಲಿ, ಬಕೀಟು ಎಂದು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವರು ಹಿತ್ತಿಲಿಗೆ ಹೋಗಿ ಬಕೀಟಿನ ಹಿಡಿಕೆಗೆ ಎಣ್ಣೆ ಬಿಡುತ್ತ ಕೂತರು. ಅದು ಕಿರುಗುಟ್ಟುತ್ತಿರಲಿಲ್ಲ.

ನನಗೆ ಬೇಜಾರಾಯಿತು. ಏನಾದರೂ ಅನ್ನಬಹುದಿತ್ತು ಅನ್ನಿಸಿತು. ಆದರೆ ನಾನೂ ಅವತ್ತು ಕಚೇರಿಯಲ್ಲಿ ಏನೂ ಅನ್ನಲಿಲ್ಲವಲ್ಲ.

ಜುಲೈ ೯

ಸಮಿತಿ ಬಂತು. ನಡೆದದ್ದನ್ನು ಕ್ರಮವಾಗಿ ಬರೆಯಲು ನೋಡುತ್ತೇನೆ.

ಇವತ್ತು ಎರಡನೇ ಸಲ ಯೂರಿಯಾ ಎರಚುವ ದಿನ. ಸಮಿತಿಯವರು ನೋಡಲಿ ಎಂದು ಸೀಟಿ ಸಾಹೇಬರೇ ಈ ದಿನ ಗೊತ್ತು ಮಾಡಿದ್ದರು. ಕೆಲಸದವರೆಲ್ಲ ಬದುವಿನ ಮೇಲೆ ಸಾಲಾಗಿ ನಿಂತಿದ್ದೆವು. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಯೂರಿಯಾ ಪಟ್ಟಿಯಲ್ಲಿ ನಡೆದರು, ಕೈ ಬೀಸಿದರೆ ಬಿಳಿ ಕಾಳು ಬೀಸಣಿಗೆಯ ಹಾಗೆ ಹರಡಿ ಬೀಳುತ್ತಿತ್ತು. ಸೊನ್ನೆ ಪಟ್ಟಿಯನ್ನು ಬಕೀಟು ಎದೆಗೆ ಒತ್ತಿಕೊಂಡು ದಾಟಿದರು. ಸರದಿ ಪಟ್ಟಿಗೆ ಅರ್ಧ ಹಾಕಿದರು. ಸಮಿತಿಯ ಹಿರಿಯರು "ಎಂಥ ಕೈ!" ಎಂದರು. ಸೀಟಿ ಸಾಹೇಬರು ತಮ್ಮದೇ ಕೈ ಎಂಬಂತೆ ನಕ್ಕರು.

ಆಮೇಲೆ ಚಿಕ್ಕಪ್ಪ ನಲ್ಲಿಯ ಹತ್ತಿರ ಹೋದರು. ಇವತ್ತಾದರೂ ಬೇರೆ ಕಡೆ ತೊಳೆಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ನಲ್ಲಿ ತಿರುಗಿಸಿದರು. ಕೈ ತೊಳೆದರು. ಬಕೀಟಿಗೆ ನೀರು ಹಿಡಿದು, ಅಲುಬಿ, ಸೊನ್ನೆ ಪಟ್ಟಿಯ ಆ ಹಸಿರು ಮೂಲೆಗೆ ಚೆಲ್ಲಿದರು. ಮತ್ತೆ ಹಿಡಿದರು, ಮತ್ತೆ ಚೆಲ್ಲಿದರು. ಯಾವಾಗಲೂ ಎರಡು ಸಲ ಅಲುಬುವವರು ಇವತ್ತು ಮೂರು ಸಲ ಅಲುಬಿದರು. ಮೂರನೆಯ ಸಲ ಚೆಲ್ಲುವಾಗ ಮೇಡಂ ಕಡೆಗೇ ನೋಡುತ್ತಿದ್ದರು.

ನೀರು ಬೇರಿನ ಕಡೆ ಇಳಿಯುವುದು ಕಾಣುತ್ತಿತ್ತು.

"ಯಾವಾಗಿಂದ ಇಲ್ಲಿ ತೊಳೀತೀರಿ?" ಎಂದು ಮೇಡಂ ಕೇಳಿದರು. ಸ್ವರ ಸಣ್ಣಗಿತ್ತು.

"ನಲ್ಲಿ ಹಾಕಿದಾಗಿಂದ, ಅಮ್ಮ."

"ನಲ್ಲಿ ಹಾಕಿದ್ದು ಯಾವಾಗ?"

ಚಿಕ್ಕಪ್ಪ ಸಾಲಿನಲ್ಲಿ ನನ್ನನ್ನು ಹುಡುಕಿ ಬೆರಳು ತೋರಿಸಿದರು. "ಅವಳು ಹುಟ್ಟಿದ ವರ್ಷ. ಹತ್ತೊಂಬತ್ತಾಯ್ತು. ಅವಳು ಟ್ರೇ ಬದಲಿಸಿಲ್ಲ, ಅಮ್ಮ. ಅವಳಿಗೆ ಸುಳ್ಳು ಬರಲ್ಲ, ಮಾತೂ ಬರಲ್ಲ."

ಸೀಟಿ ಸಾಹೇಬರ ಕೈ ಸೀಟಿಯ ಮೇಲಿತ್ತು. ಊದಲಿಲ್ಲ.

ಜುಲೈ ೧೦

ನನ್ನನ್ನು ಮಾದರಿ ಕೋಣೆಗೆ ವಾಪಸು ಕರೆದರು. ಕೊಡತಿ ಇಟ್ಟಲ್ಲೇ ಇತ್ತು. ಸಂತೋಷವಾಗಬೇಕಿತ್ತು.

ಮೇಡಂ ಕಪಾಟಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಸೊನ್ನೆ ಪಟ್ಟಿಯ ಹತ್ತೊಂಬತ್ತು ವರ್ಷದ ಬಾಟಲಿಗಳನ್ನು ಕೆಳಗಿಳಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಕೊನೆಯ ನಾಲ್ಕು ನಾನು ತುಂಬಿದವು.

"ಇದರಲ್ಲಿ ನಲ್ಲಿ ಬುಡದ ಮಣ್ಣು ಯಾವುದು, ಹೇಳು" ಎಂದು ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದರು. ಎಲ್ಲ ಒಂದೇ ಬಣ್ಣ, ಒಂದೇ ನುಣುಪು. "ಎಷ್ಟು ಚೆನ್ನಾಗಿ ಬೆರೆಸಿದೀಯ ನೋಡು" ಅಂದರು. ಹೊಗಳಿದ್ದೇ. ಅವರಿಗೆ ವ್ಯಂಗ್ಯ ಬರುವುದಿಲ್ಲ.

ಬೆರೆತ ಮೇಲೆ ಬಿಡಿಸುವ ಜರಡಿ ಇಲ್ಲ.

ಲೆಕ್ಕ ಹಾಕಿ ಅಷ್ಟನ್ನು ಕಳೆಯಲು ಆಗುವುದಿಲ್ಲವೇ ಎಂದು ಕೇಳಿದೆ. ಕೇಳಿಬಿಟ್ಟೆ.

"ಅಂದಾಜು ಮಾಡಬಹುದು. ಬರೀ ಅಂದಾಜಿಗೆ ಮೂವತ್ತೊಂದು ವರ್ಷ ಬೇಕಾಗಿರಲಿಲ್ಲ ಕಣೇ. ಯೂರಿಯಾ ಮಣ್ಣಿಗೆ ಏನು ಮಾಡ್ತು, ಸರದಿ ಬೆಳೆ ಏನು ಉಳಿಸ್ತು ಅಂತ ಹೇಳಬೇಕಾದರೆ, ಏನೂ ಬೀಳದ ಮಣ್ಣು ಒಂದು ಪಕ್ಕದಲ್ಲಿ ಇರಬೇಕು. ಅದೇ ಹೋಯ್ತು. ಮತ್ತೆ ಮೊದಲಿಂದ ಶುರು ಮಾಡೋಣ ಅಂದರೆ ನನಗೀಗ ಐವತ್ನಾಲ್ಕು."

ಆಮೇಲೆ ಏಟಿನ ವಿಷಯ ಹೇಳಿದೆ. ಏಳು, ಮೂರು, ಎರಡು, ಐದನೇ ಟ್ರೇಗೆ ಐದು. ಅವರು ಬೆಳಕಿಗೆ ಹಿಡಿದಿದ್ದ ಬಾಟಲಿಯನ್ನು ಕೆಳಗಿಟ್ಟರು. "ಇದನ್ನ ಯಾವ ವರದಿಯಲ್ಲೂ ಬರೆಯೋಕೆ ಆಗಲ್ಲ" ಅಂದರು. ನಂತರ, "ಜೂನ್‌ನಲ್ಲೇ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ತಲೆಯಾಡಿಸಿದರು, ನಾನು ಆಡಿಸುವ ಹಾಗೆ. ಬಾಟಲಿಗಳನ್ನು ಇಬ್ಬರೂ ಸೇರಿ ಮೇಲೆ ಇಟ್ಟೆವು.

ಜುಲೈ ೨೬

ಸಮಿತಿಯ ಕಾಗದ ಬಂತು. ಈ ಬೆಳೆಯೇ ಕೊನೆ. ಕೊಯ್ಲಾದ ಮೇಲೆ ಮೂರೂ ಪಟ್ಟಿ ಸೇರಿಸಿ ಉತ್ತು, ಸಸಿ ಬೆಳೆಸಲು ಕೊಡುತ್ತಾರೆ.

ಚಿಕ್ಕಪ್ಪನ ಮೇಲೆ ಯಾರೂ ಏನೂ ಕ್ರಮ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬೇಡಿ ಎಂದು ಮೇಡಂ ಬರೆದು ಕೊಟ್ಟರಂತೆ. ಅದನ್ನು ಕೇಳಿದ ಚಿಕ್ಕಪ್ಪ "ಬೈದಿದ್ದರೆ ಚೆನ್ನಾಗಿತ್ತು" ಅಂದರು.

ಜುಲೈ ೩೧

ಚಿಕ್ಕಪ್ಪನ ಕೊನೆಯ ದಿನ. ಬಿಸ್ಕತ್ತು, ಚಹಾ. ಸೀಟಿ ಸಾಹೇಬರು ಮಾತಾಡಲು ಎದ್ದು, ಕೆಮ್ಮಿ, ಕೂತರು. ಮೇಡಂ ಒಂದು ಗಡಿಯಾರ ಕೊಟ್ಟರು. ಚಿಕ್ಕಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡು, "ನನಗೆ ತಿಳೀಲಿಲ್ಲ ಅಮ್ಮ. ಅದಕ್ಕೂ ಹಸಿವಾಗುತ್ತೆ ಅಂತ ಮಾತ್ರ ತಿಳೀತು" ಅಂದರು. ಮೇಡಂ ಅವರ ಅಂಗಿಯ ಮೇಲಿದ್ದ ಬಿಸ್ಕತ್ತಿನ ಪುಡಿ ಕೊಡವಿದರು.

ಬಕೀಟು ಹೊಲದ್ದು. ಅದನ್ನು ಒಪ್ಪಿಸಿ ಬಂದರು. ದಾರಿಯುದ್ದಕ್ಕೂ ಅವರ ಬಲಗೈ ಖಾಲಿ ಇತ್ತು, ಬೆರಳು ಮಾತ್ರ ಮಡಿಚಿಕೊಂಡೇ ಇದ್ದವು.

ಅಕ್ಟೋಬರ್ ೨೨

ತುಂಬ ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ಕೊಯ್ಲು ಮುಗಿಯಿತು. ನಾಳೆ ಟ್ರ್ಯಾಕ್ಟರ್ ಬರುತ್ತದೆ. ಅದಕ್ಕೆ ಮೊದಲು ಕೊನೆಯ ಸಲ ಮಣ್ಣು ತೆಗೆಯಲೇ ಎಂದು ನಾನೇ ಮೇಡಂ ಬಳಿ ಹೋಗಿ ಕೇಳಿದೆ. "ಯಾರಿಗೆ ಬೇಕು ಇನ್ನು?" ಎಂದರು. ಬಾಗಿಲಲ್ಲೇ ನಿಂತಿದ್ದೆ. "ತೆಗಿ ಹಾಗಾದ್ರೆ" ಎಂದರು.

ಹದಿನೈದು ಜಾಗ, ಹದಿನೈದು ಟ್ರೇ. ಯಾವುದನ್ನೂ ಬೆರೆಸುವುದಿಲ್ಲ. ಸರದಿ ಪಟ್ಟಿಯಲ್ಲಿ ಗುದ್ದಲಿಗೆ ಎರೆಹುಳು ಬಂತು, ಅದನ್ನು ವಾಪಸು ಬಿಟ್ಟೆ. ನಾಳೆ ಟ್ರ್ಯಾಕ್ಟರ್ ಎಂದು ಅದಕ್ಕೇನು ಗೊತ್ತು.

ಅಕ್ಟೋಬರ್ ೨೯

ಮಣ್ಣು ಒಣಗಿತು. ಯೂರಿಯಾ ಏಳು ಏಟು. ಸರದಿ ಎರಡು. ಸೊನ್ನೆಯ ನಾಲ್ಕು ಜಾಗಕ್ಕೆ ಮೂರು. ಐದನೇ ಜಾಗಕ್ಕೆ ಐದು.

ಕೊನೆಯ ಬಾಟಲಿಗೆ ಚೀಟಿ ಬರೆದೆ. ಸೊನ್ನೆ ಪಟ್ಟಿ, ಐದನೇ ಜಾಗ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಹತ್ತೊಂಬತ್ತು ವರ್ಷ ಇಲ್ಲಿ ಯೂರಿಯಾ ಬಕೀಟು ತೊಳೆದಿದ್ದಾರೆ. ಮೇಡಂ ಬಂದು ಕಪಾಟಿನ ಮುಂದೆ ನಿಂತು ಓದಿದರು. ಕನ್ನಡಕ ಹಾಕಿಕೊಳ್ಳಲಿಲ್ಲ, ಇದೇನು ಅಕ್ಷರ ಎಂದು ಕೇಳಲೂ ಇಲ್ಲ.

ಟ್ರ್ಯಾಕ್ಟರ್ ಕೆಲಸ ಮುಗಿದಿದೆ. ಕಿಟಕಿಯಿಂದ ನೋಡಿದರೆ ಯಾವುದು ಯಾವ ಪಟ್ಟಿ ಎಂದು ಹೇಳಲಾಗದು.

ಅಕ್ಟೋಬರ್ ೩೦

ಬೆಳಿಗ್ಗೆ ಚಿಕ್ಕಪ್ಪ ಹಿತ್ತಿಲಲ್ಲಿ ಮುಖ ತೊಳೆದು, ತೊಳೆದ ನೀರಿನ ಬೋಗುಣಿ ಹಿಡಿದುಕೊಂಡು ಹಾಗೇ ನಿಂತಿದ್ದರು. ಆ ಕಡೆ ಒಂದು ಹೆಜ್ಜೆ ಹೋದರು, ಈ ಕಡೆ ಒಂದು ಹೆಜ್ಜೆ ಬಂದರು. ಎಲ್ಲಿ ಚೆಲ್ಲಬೇಕೆಂದು ತಿಳಿಯುತ್ತಿಲ್ಲ ಎಂದು ನನಗೆ ಗೊತ್ತಾಯಿತು. ನೀರು ಅಂಗಿಗೆ ತುಳುಕುತ್ತಿತ್ತು.

ನಾನು ಹೋಗಿ ಬೋಗುಣಿಯ ಇನ್ನೊಂದು ಅಂಚು ಹಿಡಿದೆ. ಇಬ್ಬರೂ ನಿಂಬೆ ಗಿಡದವರೆಗೆ ನಡೆದೆವು.

"ಇಲ್ಲಿ ಹಾಕಬಹುದು ಚಿಕ್ಕಪ್ಪ. ಇದನ್ನ ಯಾರೂ ಅಳೆಯಲ್ಲ."

ಹಾಕಿದೆವು.